ಅರ್ಧ ಪಾಟ್ಲಿ

ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕಾಕಾ ಮಾತಿಗೊಮ್ಮೆ ಕನ್ನಡಕವನ್ನು ಹಣೆಗೇರಿಸಿ, "ಪುಕಟ ಯಾವುದೂ ಬಂದಿಲ್ರಿ" ಎನ್ನುತ್ತಿದ್ದರು. ಹೆಂಡತಿಯ ಎರಡು ಚಿನ್ನದ ಪಾಟ್ಲಿ ಬಳೆ ಮಾರಿ ಅವರು ಶೇರು ಕೊಂಡಿದ್ದ ಕಂಪನಿ ಒಮ್ಮೆ ಇಬ್ಭಾಗವಾಯಿತು. ಹೊಸ ಕಂಪನಿಯ ಶೇರುಗಳೂ ಅವರ ಖಾತೆಗೆ ಬಂದವು. ಕಂಪ್ಯೂಟರಿನ ಲೆಕ್ಕದ ತಂತ್ರಾಂಶ ಅವುಗಳ ಕೊಂಡ ಬೆಲೆ ಸೊನ್ನೆ ಎಂದು ತೋರಿಸಿತು.

"ಇರ್ಲಿ ಬಿಡ್ರಿ ಕಾಕಾ," ಎಂದೆ.

"ಪುಕಟ ಬಂದಿಲ್ರಿ," ಎಂದು ಸೊನ್ನೆಯನ್ನು ಅಳಿಸಿದರು. ಕಂಪನಿಯ ಪತ್ರದಲ್ಲಿದ್ದಂತೆ ಹಳೆಯ ಬೆಲೆಯ ಮುಕ್ಕಾಲು ಪಾಲನ್ನು ಹಳೆಯದಕ್ಕೆ, ಕಾಲು ಪಾಲನ್ನು ಹೊಸದಕ್ಕೆ ಹಂಚಲು ಕೂತರು. ಮೂರು ಸಲ ತಪ್ಪಿತು. ಮಧ್ಯಾಹ್ನವೆಲ್ಲ ಅದರಲ್ಲೇ ಹೋಯಿತು. ಕೊನೆಗೆ ಷರಾದ ಜಾಗದಲ್ಲಿ ಹಳೆಯದರ ಎದುರು 'ಒಂದೂವರೆ ಪಾಟ್ಲಿ', ಹೊಸದರ ಎದುರು 'ಅರ್ಧ ಪಾಟ್ಲಿ' ಎಂದು ಬರೆದರು.

ಚಹಾ ತಂದ ಅವರ ಹೆಂಡತಿ ಅದನ್ನು ಓದಿ, ಕೈಯ ಗಾಜಿನ ಬಳೆಗಳನ್ನು ಹಿಂದೆ ಸರಿಸಿಕೊಂಡರು.

"ಒಂದನ್ನರೆ ಇಡೀದು ಬಿಡಬೇಕಿತ್ರಿ," ಎಂದರು.