ಅಗ್ಗಣಿಯ ಕ್ಯಾನು

ಆ ವರ್ಷಗಳಲ್ಲಿ ಬಟವಾಡಿ ಬಡಾವಣೆಯ ನಮ್ಮ ಬಾಡಿಗೆ ಮನೆಯ ಊಟದ ಮೇಜಿನ ಮೇಲೆ ಊಟ ಮಾಡಿದ್ದು ಕಡಿಮೆ. ಯಜಮಾನರು ಕುಣಿಗಲ್ಲಿನ ಕಾಲೇಜಿನಲ್ಲಿ ಪಾಠ ಮುಗಿಸಿ, ಬಸ್ಸಿಳಿದು ಬಂದವರೇ ಅಲ್ಲಿ ನೀರಿನಲ್ಲಿ ಕೀಟನಾಶಕ ಪತ್ತೆ ಮಾಡುವ ತಮ್ಮ ಪಿಎಚ್.ಡಿ. ಯಂತ್ರದ ಮುಂದೆ ಕೂರುತ್ತಿದ್ದರು. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಒಂದು ಕೆಂಪು ನೀರಿನ ಬಾಟಲಿ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು. ಪರೀಕ್ಷೆಯ ನೀರಿಗೆ ಅದನ್ನು ಬೆರೆಸಿ, ಗಾಜಿನ ಪುಟ್ಟ ಡಬ್ಬಿಗೆ ಹಾಕಿ ಲೇಸರ್ ಬಿಡುವುದು. ಕೀಟನಾಶಕ ಇದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಬೆಳಕನ್ನು ಹೆಚ್ಚು ಚದುರಿಸುತ್ತವೆ, ಮೀಟರಿನ ಮುಳ್ಳು ಏರುತ್ತದೆ, ಕೆಂಪು ನೇರಳೆಯಾಗುತ್ತದೆ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಆಯುಧಪೂಜೆಗೆ ಗುಬ್ಬಿಯಿಂದ ಅತ್ತೆ ಬಂದರು, ಎಂದಿನಂತೆ ತಮ್ಮ ಬಾವಿಯ ನೀರಿನ ಕ್ಯಾನಿನೊಂದಿಗೆ. ಲಿಂಗಪೂಜೆಯ ಅಗ್ಗಣಿಗೆ, ಅಂದರೆ ಮಡಿನೀರಿಗೆ, ಅವರಿಗೆ ಅದೇ ಆಗಬೇಕು; ಲಿಂಗಕ್ಕೆ ಎರೆದ ನೀರನ್ನು ತೀರ್ಥವೆಂದು ಕುಡಿದ ಮೇಲೇ ಕಾಫಿ. ಸ್ಕೂಟರು, ಮಿಕ್ಸಿ, ಈಳಿಗೆಮಣೆಗೆಲ್ಲ ವಿಭೂತಿ ಬಳಿದವರು ಮಗನ ಯಂತ್ರವನ್ನು ಬಿಡುತ್ತಾರೆಯೇ?

ಮರುದಿನ ಯಾವ ನೀರಿಟ್ಟರೂ ಮುಳ್ಳು ಮೇಲೆಯೇ. ಕೊಳಾಯಿ ನೀರು, ಅಂಗಡಿಯ ಬಾಟಲಿ ನೀರು, ಅತ್ತೆಯ ಕ್ಯಾನಿನದು, ಎಲ್ಲಕ್ಕೂ. ಯಜಮಾನರು ತಲೆ ಹಿಡಿದು ಕೂತರು. ಗಾಜಿನ ಡಬ್ಬಿಯ ಮೈಮೇಲೆ ತೆಳುವಾದ ಬಿಳಿ ಗೆರೆ ನನಗೆ ಕಂಡಿತು. ಮೂರಕ್ಕೆ ಜಾಗವಿಲ್ಲವೆಂದು ಅತ್ತೆ ಒಂದೇ ಗೆರೆ ಎಳೆದಿದ್ದರು. ಬೂದಿಗೇ ಬೆಳಕು ಚದುರುತ್ತಿತ್ತು.

"ಅವ್ವ, ನಿನ್ ಈಬತ್ತಿ ಊರ್ ನೀರ್ಗೆಲ್ಲ ವಿಷ ಹಾಕ್ಬುಡ್ತಲ್ಲ" ಎಂದು ಯಜಮಾನರು ನಕ್ಕರು. ಅತ್ತೆಯೂ ನಕ್ಕರು.

ಒರೆಸಿ ಮತ್ತೆ ಇಟ್ಟಾಗ ಕೊಳಾಯಿ ನೀರಿಗೆ ಮುಳ್ಳು ಇಳಿಯಿತು, ಬಾಟಲಿ ನೀರಿಗೂ. ಕ್ಯಾನಿನ ನೀರಿಗೆ ಇಳಿಯಲಿಲ್ಲ; ಬಣ್ಣ ನಿಧಾನವಾಗಿ ನೇರಳೆಗೆ ತಿರುಗಿತು. ಮತ್ತೆ ಮತ್ತೆ ನೋಡಿದರು, ಅದೇ. ಬಾವಿಯ ಪಕ್ಕದ ಬದನೆ ಹೊಲಕ್ಕೆ ಔಷಧಿ ಹೊಡೆಯುವುದು ನಮಗೆಲ್ಲ ಗೊತ್ತಿದ್ದದ್ದೇ.

ಇಷ್ಟು ವರ್ಷ ಕಾದ ಫಲಿತಾಂಶ. ಯಜಮಾನರ ಮುಖದಲ್ಲಿ ಗೆಲುವಿರಲಿಲ್ಲ. ಗುಬ್ಬಿಯಲ್ಲಿದ್ದ ಅಣ್ಣನಿಗೆ ಫೋನ್ ಮಾಡಿ, ಬಾವಿ ನೀರು ಮುಟ್ಟಬೇಡಿ ಎಂದರು. ಅವ್ವನಿಗೆ ಮಾತ್ರ ನೀನೇ ಹೇಳು ಎಂದುಬಿಟ್ಟರು. ಇಂಥವೆಲ್ಲ ಬರುವುದು ನನ್ನ ಪಾಲಿಗೇ. ಕಾನ್ವೆಂಟಿನಲ್ಲಿ ಓದುವಾಗ ಸಿಸ್ಟರ್‌ಗಳು ರೂಢಿ ಮಾಡಿಸಿದ ಮೆಲುದನಿಯಲ್ಲಿ ಹೇಳಿದೆ.

ಅತ್ತೆ ದೀಪದ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಆಗ್ಲೆ ನನ್ ಈಬತ್ತಿ ತಪ್ಪು ಅಂದ್ರಿ. ಈಗ ಬಾವಿ ತಪ್ಪು. ನಾಳಿಕ್ಕೆ ಏನಮ್ಮ?"

ಹೊಸೆದ ಬತ್ತಿಯನ್ನು ತಟ್ಟೆಗಿಟ್ಟು ಅವರೇ, "ಶಿವ ನಂಜು ಕುಡ್ದೋನು, ತಡ್ಕತಾನೆ. ತೀರ್ಥ ತಗಳೋಳು ನಾನಲ್ವಾ" ಎಂದರು.

ಬೆಳಿಗ್ಗೆ ತಂಬಿಗೆಗೆ ಕೊಳಾಯಿ ನೀರು ಹಿಡಿದರು. ಲಿಂಗಕ್ಕೆ ಎರೆದು, ತೀರ್ಥವನ್ನು ಅಂಗೈಯಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದು, ಆಮೇಲೆ ಕುಡಿದರು. ಕ್ಯಾನಿನ ನೀರು ಚೆಲ್ಲಲು ಯಾರಿಗೂ ಮನಸ್ಸು ಬರಲಿಲ್ಲ. ದೀಪಾವಳಿಯವರೆಗೂ ಬಚ್ಚಲ ಬಾಗಿಲಲ್ಲಿದ್ದ ಆ ಕ್ಯಾನನ್ನು ಮುಟ್ಟದೆ ಸುತ್ತಿಕೊಂಡೇ ಓಡಾಡಿದೆವು.