ನನ್ನ ಹೆಸರಿನ ಚೀಟಿ

ಮರುದಿನ ಕೊಬ್ಬರಿ ಹರಾಜು. ನಮ್ಮ ಗೋಣಿಚೀಲದ ಅಂಗಡಿಯ ಮುಂದೆ ಜನವೋ ಜನ. ನನ್ನ ಯಜಮಾನರು ಮಾತ್ರ ವ್ಯಾಪಾರವನ್ನು ನನಗೆ ಬಿಟ್ಟು, ತಗಡಿನ ಡಬ್ಬಿಯೊಂದನ್ನು ಬಿಚ್ಚಿಕೊಂಡು ಕೂತಿದ್ದರು.

ತಿಪಟೂರಿನವರನ್ನೆಲ್ಲ ಓದಿಸಬೇಕು ಎನ್ನುವುದು ಅವರ ಹುಚ್ಚು. ಅಂಗಡಿಯಲ್ಲೇ ಒಂದು ಕಪಾಟು ಪುಸ್ತಕ ಇಟ್ಟಿದ್ದರು. ಯಾರು ಬೇಕಾದರೂ ಒಯ್ಯಬಹುದು. ವಾಪಸ್ ತಂದಾಗ, ಇದನ್ನು ಮುಂದೆ ಊರಿನಲ್ಲಿ ಯಾರು ಓದಬೇಕು, ಯಾಕೆ ಓದಬೇಕು ಎಂದು ಚೀಟಿ ಬರೆದು ಡಬ್ಬಿಗೆ ಹಾಕಬೇಕು. ಹಿಂದೆ ಹರಾಜಿನಲ್ಲಿ ಕೊಬ್ಬರಿ ವರ್ತಕರು ಟೆಂಡರ್ ಎಂದು ರೇಟನ್ನು ಗುಟ್ಟಾಗಿ ಬರೆದು ಡಬ್ಬಿಗೆ ಹಾಕುತ್ತಿದ್ದರಲ್ಲ, ಅದೇ ಪದ್ಧತಿ.

ಜನ ಅದನ್ನು ಜಗಳಕ್ಕೆ ಬಳಸಿಕೊಂಡರು. "ಇದನ್ನು ನಮ್ಮ ಬೀಗರು ಓದಲಿ, ಕೊನೆಯಲ್ಲಿ ಜಿಪುಣ ಸಾಯುತ್ತಾನೆ" ಎಂದು ಒಬ್ಬರು ಬರೆದರು. ಬೀಗರು ಓದಿ ಬರೆದ ಚೀಟಿ ಅವತ್ತು ಡಬ್ಬಿಯಲ್ಲಿತ್ತು: "ಚೆನ್ನಾಗಿದೆ. ಜಿಪುಣನ ಬೀಗ ಅದಕ್ಕೂ ಮುಂಚೆ ಸಾಯುತ್ತಾನೆ. ಅವರು ಇನ್ನೊಂದು ಸಲ ಓದಲಿ." ವರ್ತಕರೊಬ್ಬರದು: "ಮೊದಲರ್ಧ ಒಳ್ಳೆ ಮಾಲು. ಆಮೇಲೆ ತೇವ ಜಾಸ್ತಿ, ಎಲ್ಲರೂ ಅಳುತ್ತಾರೆ."

"ನಿನ್ನ ಚೀಟಿ ಯಾವಾಗ ಹಾಕ್ತೀಯೇ?" ಎಂದರು ನಮ್ಮವರು.

"ನಾನು ಓದಿರೋದು ಏಳನೇ ಕ್ಲಾಸು ಕಣ್ರೀ. ಚೀಲ ಎಣಿಸೋರು ಬೇಡ್ವಾ?"

"ನಿನ್ ಹೆಸರಿಗೆ ನಾನೇ ಒಂದು ಬರ್ದಿದೀನಿ, ನೋಡ್ತಿರು."

ಅಂಗಡಿ ಮುಚ್ಚುವ ಹೊತ್ತಿಗೆ ಅವರ ಮುಖ ಸಪ್ಪಗಾಗಿತ್ತು. "ಆ ಚೀಟಿನ ನೀಲಿ ರಟ್ಟಿನ ಪುಸ್ತಕದೊಳಗೆ ಇಟ್ಟಿದ್ದೆ. ಪುಸ್ತಕನ ಯಾರಿಗೋ ಕೊಟ್ಬುಟ್ಟೆ ಕಣೇ."

"ಯಾರಿಗೆ?"

"ಚೀಲ ತಗಂಡು ಹೋದ್ನಲ್ಲ, ಅವ್ನಿಗೆ."

ಅವತ್ತು ಬಂದವರೆಲ್ಲ ಚೀಲವನ್ನೇ ತೆಗೆದುಕೊಂಡು ಹೋಗಿದ್ದರು. ನನಗೆ ನಗು ತಡೆಯಲಾಗಲಿಲ್ಲ. "ಏನ್ ಬರ್ದಿದ್ರಿ, ಬಾಯಲ್ಲೇ ಹೇಳ್ರೀ" ಎಂದೆ.

"ಟೆಂಡರ್ ಚೀಟಿನ ಬಾಯಲ್ಲಿ ಹೇಳ್ತಾರೇನೇ? ಬುಡು, ಬತ್ತದೆ."

ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಮತ್ತೆ ಏಳಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಬಂದವರು ಹೂವಿನ ಜೊತೆ ಪುಸ್ತಕಗಳನ್ನೂ ತಂದರು. ವರ್ಷಗಟ್ಟಲೆ ಇಟ್ಟುಕೊಂಡವರಿಗೆಲ್ಲ ಅವತ್ತು ನೆನಪಾಗಿತ್ತು. ಹಂದನಕೆರೆಯ ರೈತರೊಬ್ಬರು ತಂದ ಪುಸ್ತಕ ಕೊಬ್ಬರಿ ವಾಸನೆ ಹೊಡೆಯುತ್ತಿತ್ತು.

"ಅಟ್ಟದ ಮೇಲೆ ಕಾಯಿ ಜೊತೆ ಇಟ್ಟಿದ್ದೆ ಕಣವ್ವ. ಅಲ್ಲಿಟ್ಟದ್ದನ್ನ ನಮ್ಮನೇಲಿ ಯಾರೂ ಮುಟ್ಟಲ್ಲ."

"ಓದಿದ್ರಾ ಅಣ್ಣ?"

"ಕಾಯಿ ಒಣಗಿ ಕೊಬ್ಬರಿ ಆದ್ಮೇಲೆ ಅಟ್ಟ ಇಳಿಸೋದು, ವರ್ಷಕ್ಕೊಂದ್ಸಲ. ಅವಾಗ ಓದಾನ ಅಂತಿದ್ದೆ."

ನಾನು ಪ್ರತಿ ಪುಸ್ತಕವನ್ನೂ ಬೋರಲು ಹಿಡಿದು ಅಲ್ಲಾಡಿಸಿದೆ. ಬಸ್ ಟಿಕೆಟ್ ಬಿತ್ತು, ಬೇವಿನೆಲೆ ಬಿತ್ತು, ಯಾರದೋ ಮದುವೆಯ ಕರೆಯೋಲೆ ಬಿತ್ತು. ನೋಡುತ್ತಿದ್ದ ಪಕ್ಕದ ಅಂಗಡಿಯವರು, "ಅಕ್ಕಾ, ಅದು ಕೊಬ್ಬರಿ ಅಲ್ಲ ಕಣಕ್ಕ, ಒಣಗೈತಾ ಅಂತ ಅಲ್ಲಾಡಿಸಿ ನೋಡಾಕೆ" ಎಂದರು. ಆಮೇಲೆ ತಪ್ಪು ಮಾತಾಡಿದೆನೇನೋ ಎಂಬಂತೆ ತಾವೂ ಒಂದು ಪುಸ್ತಕ ಎತ್ತಿಕೊಂಡು ಅಲ್ಲಾಡಿಸತೊಡಗಿದರು. ನನಗೆ ನಗು ಬಂದಿತ್ತು. ಅಷ್ಟು ದಿನಗಳಲ್ಲಿ ಅದೇ ಮೊದಲು.

ನೀಲಿ ರಟ್ಟಿನದು ಬರಲಿಲ್ಲ. ಅಂಗಡಿಯ ಮುಂದೆ ಹಲಗೆ ಹಾಕಿದೆ: "ಪುಸ್ತಕದೊಳಗೆ ನನ್ನ ಹೆಸರಿನ ಚೀಟಿ ಸಿಕ್ಕಿದ್ದರೆ ದಯವಿಟ್ಟು ತಂದುಕೊಡಿ." ನಮ್ಮ ಜನ ಅದನ್ನು ಬೇರೆ ಥರ ಓದಿಕೊಂಡರು. ಮರುವಾರದಿಂದ ಬಂದ ಪುಸ್ತಕಕ್ಕೆಲ್ಲ ಒಂದೊಂದು ಚೀಟಿ, ಎಲ್ಲವೂ ನನಗೇ. "ಚೀಲದಂಗಡಿ ಅಕ್ಕ ಓದಬೇಕು, ನಗು ಬರುತ್ತದೆ." "ಅಕ್ಕ ಓದಬೇಕು, ಅಕ್ಷರ ದಪ್ಪ ಇದೆ." ಬೀಗರಿಬ್ಬರೂ ಒಂದೇ ಪುಸ್ತಕಕ್ಕೆ ಬರೆದಿದ್ದರು. ಅವರು ಒಪ್ಪಿಕೊಂಡದ್ದು ಅದೊಂದನ್ನೇ ಎಂದು ಕಾಣುತ್ತದೆ.

ಬರೆದವರ ಮನಸ್ಸು ನೋಯಿಸಬಾರದೆಂದು ಓದಲು ಶುರು ಮಾಡಿದೆ. ಈಗ ವ್ಯಾಪಾರದ ನಡುವೆಯೂ ಓದುತ್ತೇನೆ. ಚೀಲದ ಲೆಕ್ಕ ತಪ್ಪುತ್ತದೆ, ಗಿರಾಕಿಗಳು ಬೈಯುತ್ತಾರೆ. ಹರಾಜಿನ ಹಿಂದಿನ ದಿನ ಡಬ್ಬಿ ಬಿಚ್ಚುವವಳೂ ನಾನೇ.

ಅವರು ಬರೆದ ಚೀಟಿ ಇನ್ನೂ ಬಂದಿಲ್ಲ.