ಟ್ರಾಂಬೋನ್ ಎಷ್ಟು ಸಲ ಕೂಗಿತು

ಲಿಫ್ಟ್ ನಡೆಸುವ ಲೂಷಿಯಸ್ ಟಾಲಿವರ್ ಎಂಥವನು ಅಂತ ಹಾರ್ಲೆಮ್‌ನ ಆ ಬೀದಿಯಲ್ಲಿ ಯಾರನ್ನಾದರೂ ಕೇಳಿ. ‘ದೇವರಂಥ ಮನುಷ್ಯ’ ಅನ್ನುತ್ತಾರೆ. ಕಾಲು ಊನವಾದ ಹೆಂಡತಿಯನ್ನು ಮೂವತ್ತೈದು ವರ್ಷದಿಂದ ಅಂಗೈಯಲ್ಲಿಟ್ಟು ನೋಡಿಕೊಂಡಿದ್ದಾನಲ್ಲ! ಕಾಲಿಗೆ ಎಣ್ಣೆ ತಿಕ್ಕುತ್ತಾನೆ, ಚರ್ಚಿನ ಬೆಂಚಿನಿಂದ ಎರಡೂ ಕೈ ಹಿಡಿದು ಎಬ್ಬಿಸುತ್ತಾನೆ. ಹೊಗಳಿದಾಗ ಅವನು ತಲೆ ತಗ್ಗಿಸಿದರೆ ಜನ ವಿನಯ ಅಂದುಕೊಳ್ಳುತ್ತಾರೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅದು.

ಒಂದು ಕಾಲಕ್ಕೆ, ಮದುವೆಗೂ ಮುಂಚೆ, ಇವನೂ ಈ ಹೆಂಡತಿ ಒಡೆಸ್ಸಾಳೂ ಕುಣಿಯಲು ಇಳಿದರೆ ಉಳಿದವರು ಸರಿದು ಜಾಗ ಬಿಡುತ್ತಿದ್ದರು. ಒಂದು ದೊಡ್ಡ ಕುಣಿತದ ಸ್ಪರ್ಧೆಯ ದಿನ ಬ್ಯಾಂಡಿನವರು ನುಡಿಸಿದ್ದು ಆ ವಾರವಷ್ಟೇ ಕಟ್ಟಿದ ಹಾಡು. ಟ್ರಾಂಬೋನ್ ಅನ್ನುವ ಉದ್ದ ತುತ್ತೂರಿಗಳು ಕೂಗಿ, ಬ್ಯಾಂಡ್ ಗಪ್ಪನೆ ನಿಂತಾಗ ಒಡೆಸ್ಸಾ ಅವನ ಬೆನ್ನ ಮೇಲಿಂದ ಹಾರಬೇಕು, ಅವನು ಹಿಡಿಯಬೇಕು. ಅವಳು ಹಾರಿದಳು. ಈ ಪುಣ್ಯಾತ್ಮ ಮಾತ್ರ, ಯುರೋಪಿಗೆ ಕರೆದೊಯ್ಯಲು ಕುಣಿಯುವವರನ್ನು ಆರಿಸಲು ಬಂದಿದ್ದ ಯಜಮಾನನ ಕಡೆ ತಿರುಗಿ ಹಲ್ಲು ಕಿರಿಯುತ್ತಿದ್ದ. ಅವಳು ನೆಲಕ್ಕೆ ಬಿದ್ದು ಸೊಂಟ ಮುರಿಯಿತು, ಕಾಲು ಊನವಾಯಿತು. ಜನರೆಲ್ಲ ಬಿದ್ದವಳನ್ನು ನೋಡಿದರೇ ಹೊರತು ಇವನನ್ನು ಯಾರೂ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಅವಳು, “ಏನಾಯ್ತು ಲೂ?” ಅಂದಳು.

“ಟ್ರಾಂಬೋನ್ ಎರಡು ಸಲ ಕೂಗ್ಬೇಕಿತ್ತು. ನೀನು ಒಂದಕ್ಕೇ ಹಾರ್ಬಿಟ್ಟೆ.”

ನಂಬಿದಳು. ತನ್ನ ಆತುರಕ್ಕೆ ಅವನ ಯುರೋಪು ಹೋಯಿತಲ್ಲ ಅಂತ ಅವಳೇ ಅತ್ತಳು. ಮದುವೆಯಾಗ್ತೀನಿ ಅಂದಾಗಲಂತೂ ಅವಳ ಪಾಲಿಗೆ ಅವನು ದೇವರೇ ಆಗಿಬಿಟ್ಟ. ಅವತ್ತಿನಿಂದ ಅವರ ಮನೆಯಲ್ಲಿ ಆ ಕಾಲದ ಹಾಡು ಕೇಳಿದ್ದಿಲ್ಲ.

ಮೊನ್ನೆ ಶನಿವಾರ ಒಡೆಸ್ಸಾಳ ಅಣ್ಣನ ಮಗಳು ವರ್ಲೀನ್ ಆ ಕಾಲದ ಸ್ವಿಂಗ್ ಅನ್ನುವ ಕುಣಿತದ ಹಾಡುಗಳನ್ನೆಲ್ಲ ಒಟ್ಟು ಸೇರಿಸಿದ ಹೊಸ ರೆಕಾರ್ಡು ಹಿಡಿದು ಬಂದಳು. “ಅತ್ತೇ, ನಿಮ್ಮ ಹಾಡೂ ಇದೆ ಇದ್ರಲ್ಲಿ!”

ಮೀನು ಕರಿಯುತ್ತಿದ್ದ ಲೂಷಿಯಸ್ ತಟ್ಟನೆ ತಿರುಗಿದ. “ಆ ಹಳೇ ಗಲಾಟೆ ಈಗ್ಯಾಕೆ? ಮೀನು ಆರೋಗತ್ತೆ, ಬನ್ನಿ.”

“ಹಾಕೇ ಮಗಳೇ,” ಅಂದಳು ಒಡೆಸ್ಸಾ. “ಸಾಯೋದ್ರೊಳಗೆ ನನ್ನ ತಪ್ಪನ್ನ ಒಂದ್ಸಲ ಕೇಳಿಬಿಡ್ತೀನಿ.”

ಹಾಡು ಶುರುವಾಯಿತು. ಅವಳ ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು. ಟ್ರಾಂಬೋನುಗಳು ಕೂಗಿದವು. ಬ್ಯಾಂಡ್ ಗಪ್ಪನೆ ನಿಂತಿತು.

ಅವಳ ಬೆರಳೂ ನಿಂತಿತು.

“ಇನ್ನೊಂದ್ಸಲ ಹಾಕು.”

ಮತ್ತೆ ಅದೇ. ವರ್ಲೀನ್‌ಗೆ ತಲೆಬುಡ ತಿಳಿಯಲಿಲ್ಲ, ಸುಮ್ಮನೆ ರೆಕಾರ್ಡು ನಿಲ್ಲಿಸಿದಳು.

“ಲೂ, ಒಂದೇ ಸಲ ಕೂಗ್ತು.”

ರೆಕಾರ್ಡಿಗೆ ಅಂತ ಚಿಕ್ಕದು ಮಾಡಿರ್ತಾರೆ ಬಿಡು, ಅನ್ನುವ ಸುಳ್ಳು ನಾಲಿಗೆ ತುದಿಗೇ ಬಂದಿತ್ತು. ಅವಳು ನಂಬುತ್ತಿದ್ದಳು ಕೂಡ. ಅದಕ್ಕೇ ಅವನಿಗೆ ಹೇಳಲಾಗಲಿಲ್ಲ.

“ನೀನು ಸರಿಯಾಗೇ ಹಾರಿದ್ದೆ, ಡೆಸ್ಸಾ. ನಾನೇ ಆ ಕಡೆ ನೋಡ್ತಿದ್ದೆ.”



“ಮದುವೆ ದಿನ ಬಂದಾಗೆಲ್ಲ ನಿನಗೆ ಕೈಮುಗೀತಿದ್ನಲ್ಲೋ,” ಅಂದಳು ಒಡೆಸ್ಸಾ ಮೆಲ್ಲಗೆ. “ಬೇಡ ಕಣೇ ಅನ್ನೋಕೂ ನಿನಗೆ ಬಾಯಿ ಬರ್ಲಿಲ್ವಾ?”

ಅವನು ಒಲೆ ಆರಿಸಿ ಬಂದು, ಎಂದಿನಂತೆ ಅವಳನ್ನು ಎಬ್ಬಿಸಲು ಎರಡೂ ಕೈ ಚಾಚಿದ.

ಅವಳು ಆ ಕೈಗಳನ್ನು ನೋಡಿದಳು. ಆಮೇಲೆ ಮೇಜಿನ ಅಂಚು ಹಿಡಿದು, ಹಲ್ಲುಕಚ್ಚಿ, ತಾನೇ ಎದ್ದು ಊಟಕ್ಕೆ ಹೋದಳು.